ಸೋತ ಚಿತ್ರವು ಮನೆಮನೆಯನ್ನು ಸೇರಿದ ಬಗೆ

ಕಲಾಕೃತಿಯೊಂದರ ಯೋಗ್ಯತೆಯನ್ನು ಅದು ಹೊರಬಿದ್ದ ವರ್ಷದ ಲಾಭನಷ್ಟಗಳಿಂದಲೇ ಅಳೆಯುವವರು ನಮ್ಮಲ್ಲಿ ಬಹುಮಂದಿ ಇರುವರು. ಅಂಥವರು ಅಮೆರಿಕಾ ದೇಶದ ಒಂದು ಚಲಚ್ಚಿತ್ರದ ವೃತ್ತಾಂತವನ್ನು ಅವಶ್ಯವಾಗಿ ಕೇಳತಕ್ಕದ್ದು.

‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಈ ಚಿತ್ರವನ್ನು ಫ್ರಾಂಕ್ ಕಾಪ್ರಾ ಎಂಬ ನಿರ್ದೇಶಕರು 1946ರಲ್ಲಿ ಹೊರತಂದರು. ಕಥಾನಾಯಕನಾದ ಜಾರ್ಜ್ ಬೈಲಿಯು ಸಣ್ಣ ಊರೊಂದರ ಗೃಹಸ್ಥ. ಪಾತ್ರಧಾರಿಯು ಜೇಮ್ಸ್ ಸ್ಟುವರ್ಟ್. ಲೋಕಸಂಚಾರದ ಹಂಬಲವನ್ನು ಅದುಮಿಟ್ಟು, ತಂದೆಯು ಬಿಟ್ಟುಹೋದ ಸಾಲಸಂಘವನ್ನು ನಡೆಸುತ್ತ, ಬಡವರಿಗೆ ಸ್ವಂತ ಮನೆಗಳನ್ನು ದೊರಕಿಸುವುದರಲ್ಲಿಯೇ ಅವನ ಯೌವನವು ಸವೆಯುತ್ತದೆ. ಚಿಕ್ಕಪ್ಪನ ಮರೆವಿನಿಂದ ಸಂಘದ 8,000 ಡಾಲರುಗಳು ಕೈಬಿಟ್ಟುಹೋದಾಗ, ತಾನು ಹುಟ್ಟದೆ ಇದ್ದಿದ್ದರೇ ಲೇಸಾಗುತ್ತಿತ್ತೆಂದು ಅವನು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಹತಾಶನಾಗುತ್ತಾನೆ. ಆಗ ದೇವದೂತನೊಬ್ಬನು ಬಂದು, ಅವನು ಹುಟ್ಟಿಯೇ ಇಲ್ಲದ ಊರನ್ನು ಅವನ ಕಣ್ಣಿಗೆ ತೋರಿಸುತ್ತಾನೆ. ಬಾಲ್ಯದಲ್ಲಿ ಜಾರ್ಜನು ಹಿಮದ ನೀರಿನಿಂದ ಮೇಲೆತ್ತಿದ್ದ ತಮ್ಮನು ಅಲ್ಲಿ ಬದುಕಿಲ್ಲ. ಆ ತಮ್ಮನು ಮುಂದೆ ಯುದ್ಧದಲ್ಲಿ ಕಾಪಾಡಿದ್ದ ಯೋಧರೂ ಬದುಕಿಲ್ಲ.

ಇಂಥ ಚಿತ್ರವು ಅಂದು ಹಾಕಿದ ಬಂಡವಾಳವನ್ನೂ ಹಿಂದಕ್ಕೆ ತರಲಿಲ್ಲ. ಅಲ್ಲಿಯ ಕಾನೂನಿನಂತೆ 28 ವರ್ಷಗಳ ತರುವಾಯ ನವೀಕರಿಸಬೇಕಾಗಿದ್ದ ಕೃತಿಸ್ವಾಮ್ಯವು 1974ರಲ್ಲಿ ನವೀಕರಣವಾಗದೆ ಹೋಯಿತು. ದೂರದರ್ಶನ ಕೇಂದ್ರಗಳು ಚಿತ್ರಕ್ಕೆ ಹಣ ತೆರದೆ ಅದನ್ನು ಪ್ರತಿ ಕ್ರಿಸ್‌ಮಸ್ಸಿನಲ್ಲಿಯೂ ಮತ್ತೆಮತ್ತೆ ತೋರಿಸತೊಡಗಿದವು. 1990ರಲ್ಲಿ ಆ ದೇಶದ ರಾಷ್ಟ್ರೀಯ ಚಲನಚಿತ್ರ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. 1993ರಲ್ಲಿ ಮೂಲಕಥೆಯ ಮತ್ತು ಸಂಗೀತದ ಹಕ್ಕುಗಳ ಬಲದಿಂದ ಒಡೆತನವು ಪುನಃ ಸ್ಥಾಪಿತವಾಯಿತಾದರೂ, ಅಷ್ಟು ಹೊತ್ತಿಗೆ ಆ ಚಿತ್ರವನ್ನು ನೋಡುವುದು ಹಬ್ಬದ ಒಂದು ಆಚಾರವೇ ಆಗಿಹೋಗಿತ್ತು.

ಪುಕ್ಕಟೆಯಾಗಿ ಸಿಕ್ಕುದರಿಂದಲೇ ಅದು ಬಾಳಿತೆನ್ನೋಣವೆ? ಹಕ್ಕು ಕಳೆದುಕೊಂಡ ಚಿತ್ರಗಳು ಇನ್ನೆಷ್ಟೋ ಇದ್ದವು. ಅವುಗಳಲ್ಲಿ ಹೆಚ್ಚಿನವನ್ನು ಇಂದು ನೆನೆಯುವವರಿಲ್ಲ. ಅಗ್ಗದ ದೆಸೆಯಿಂದ ಈ ಚಿತ್ರವು ಬಾಗಿಲವರೆಗೆ ಬಂದಿತು. ಒಳಗೆ ಕರೆದು ಕೂರಿಸಿದವರು ಮನೆಯವರು. ಅಜ್ಜ ಅಜ್ಜಿಯರು ಮೊಮ್ಮಕ್ಕಳೊಡನೆ ಕುಳಿತು ವರ್ಷವರ್ಷವೂ ನೋಡಿದುದರಿಂದ, ನಮ್ಮಲ್ಲಿ ಹರಿಶ್ಚಂದ್ರನ ಕಥೆಯು ಉಳಿದಂತೆ ಅಲ್ಲಿ ಜಾರ್ಜನ ಕಥೆಯು ಉಳಿಯಿತು.

ಸೋದರಿಯರೆ, ಆ ಕಥೆಯ ಪ್ರಶ್ನೆಯು ನಮ್ಮ ಮನೆಗಳದೂ ಹೌದು. ಬೆಳಗಿನ ಒಲೆಯಿಂದ ರಾತ್ರಿಯ ದೀಪದವರೆಗೆ ದುಡಿಯುವ ಗೃಹಿಣಿಯ, ತಮ್ಮಂದಿರ ವಿದ್ಯೆಗಾಗಿ ತನ್ನ ಓದನ್ನು ನಿಲ್ಲಿಸಿದ ಅಣ್ಣನ ಜೀವನವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ. ತಮ್ಮ ಬಾಳು ವ್ಯರ್ಥವಾಯಿತೆಂದು ಅವರು ಒಳಗೊಳಗೇ ಕೊರಗುವುದುಂಟು. ಆ ಕೊರಗು ಎಷ್ಟು ಆಳಕ್ಕೆ ಇಳಿದಿದೆಯೆಂಬುದು ಪಕ್ಕದಲ್ಲಿದ್ದವರಿಗೂ ತಿಳಿಯದು. ಬಿಡುವಾದ ಒಂದು ಸಂಜೆ ಈ ಚಿತ್ರವನ್ನು ಎಲ್ಲರೂ ಕೂಡಿ ನೋಡಿರಿ. ಅನಂತರ, ನಮ್ಮ ಮನೆಯಲ್ಲಿ ಯಾರಿಲ್ಲದಿದ್ದರೆ ಏನೇನು ಇಲ್ಲವಾಗುತ್ತಿತ್ತೆಂದು ಮಕ್ಕಳನ್ನು ಕೇಳಿರಿ. ಅವರು ಕೊಡುವ ಉತ್ತರವು ಆ ಹಿರಿಯರ ಕಿವಿಗೂ ಬೀಳಲಿ. ಜಾರ್ಜನಿಗೆ ಅದನ್ನು ತಿಳಿಸಲು ದೇವದೂತನೇ ಬರಬೇಕಾಯಿತು. ನಮ್ಮವರಿಗೆ ನಾವೇ ಹೇಳಬಹುದು.