ಆಯ್ದ ಕಲ್ಲಿಗೂ ಅಳತೆಯುಂಟು

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣದಂಪತಿಗಳ ಪ್ರಸಂಗವನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಅವರನ್ನು ಹಿಂದಕ್ಕೆ ಕಳುಹಿಸಿದರು. ಅದು ಕದ್ದ ಅಕ್ಕಿಯಲ್ಲ, ಬೇಡಿ ತಂದದ್ದೂ ಅಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಅಂದಿನ ಅಗತ್ಯವನ್ನು ಮೀರಿತ್ತು. ಅಷ್ಟೇ ಆಕ್ಷೇಪ.

ಭಟ್ಕಳ, ಹೊನ್ನಾವರ, ಕುಮಟಾ ತೀರಗಳಲ್ಲಿ ಬಣ್ಣದ ಕಲ್ಲುಗಳನ್ನು ಆಯುವವರಿಗೂ ಈ ಪ್ರಸಂಗ ಸಲ್ಲುತ್ತದೆ. ಕಲ್ಲನ್ನು ಕೊಯ್ದು ಸಾಣೆ ಹಿಡಿದು ಮನೆಯಲ್ಲಿ ಅಲಂಕರಿಸಿಡುವ ಹವ್ಯಾಸಿಗಳಿಗೆ ಪಿಕ್ಚರ್ ಜ್ಯಾಸ್ಪರ್ ಅತಿ ಪ್ರಿಯವಾದುದು. ಅದು ಬೆಣಚುಕಲ್ಲಿನ ಕುಲಕ್ಕೆ ಸೇರಿದ್ದು. ಕಬ್ಬಿಣದ ಅಂಶದಿಂದ ಕಂದು, ಕೆಂಪು ಛಾಯೆಗಳು ಮೂಡಿ, ಕೊಯ್ದಾಗ ಬೆಟ್ಟಸಾಲು, ಮರಳುಗಾಡು, ಸಂಜೆಯ ಬಾನು ಗೋಚರಿಸುತ್ತವೆ. ಕುಂಚ ಹಿಡಿದವರಾರೂ ಇಲ್ಲದ ಚಿತ್ರವದು! ಅಮೆರಿಕದ ಒರೆಗಾನ್ ಪ್ರಾಂತ್ಯದ ಕಲ್ಲು ಇದಕ್ಕೆ ಪ್ರಸಿದ್ಧ. ಕರ್ನಾಟಕದಲ್ಲಿ ಸಂಡೂರು ಮತ್ತು ಬಾಬಾಬುಡನ್ ಗಿರಿಗಳಲ್ಲಿ ಜ್ಯಾಸ್ಪರ್ ಉಂಟು. ಆದರೆ ಅಲ್ಲಿ ಅದು ಕಬ್ಬಿಣದ ಅದಿರಿನೊಡನೆ ಪಟ್ಟೆಪಟ್ಟೆಯಾಗಿ ಬೆರೆತಿದೆ. ಕರಾವಳಿಯದು ಬಹುಮಟ್ಟಿಗೆ ಚಿರೇಕಲ್ಲು ಮತ್ತು ಕರಿ-ಬಿಳಿ ಪದರಗಳ ಶಿಲೆಯ ನೆಲ. ಶರಾವತಿ, ಅಘನಾಶಿನಿಗಳ ಅಳಿವೆಯ ಬಳಿ ಕೈಗೆ ಸಿಗುವ ನುಣುಪು ಹರಳನ್ನು ಜ್ಯಾಸ್ಪರ್ ಎಂದು ಅವಸರದಿಂದ ಹೆಸರಿಸಲಾಗದು. ನೀರಿನಲ್ಲಿ ಅದ್ದಿದರೆ ಎಲ್ಲ ಕಲ್ಲೂ ಚೆಲುವೇ. ಒಣಗಿದ ಮೇಲೆ ಉಳಿಯುವ ಬಣ್ಣವೇ ನಿಜವಾದುದು.

ಕಲ್ಲಿನ ಚೆಲುವಿಗೆ ಮನಸೋಲುವುದು ದೋಷವಲ್ಲ. ದೋಷವಿರುವುದು ಚೀಲದ ಲೆಕ್ಕದಲ್ಲಿ. ಮುಷ್ಟಿಗಾತ್ರದ ಒಂದು ಒರಟುಗಲ್ಲನ್ನು ಹಲವು ಬಿಲ್ಲೆಗಳಾಗಿ ಕೊಯ್ಯಬಹುದು; ಪ್ರತಿ ಬಿಲ್ಲೆಯ ಚಿತ್ರವೂ ಬೇರೆ. ಕಲ್ಲು ಬಲು ಗಟ್ಟಿಯಾದುದರಿಂದ ಸಾಣೆಯ ಕೆಲಸ ನಿಧಾನ. ಹೀಗಿರುವಾಗ ಕೊಯ್ಯದ ಕಲ್ಲುಗಳನ್ನು ಮೂಟೆಗಟ್ಟಲೆ ಕೂಡಿಹಾಕುವುದು ಕಾಯಕವೂ ಅಲ್ಲ, ಕಲೆಯೂ ಅಲ್ಲ; ಬರಿಯ ಸಂಗ್ರಹಬುದ್ಧಿ. ಕಾಡಿನೊಳಗಿನ ಮಾತಂತೂ ಬೇರೆಯೇ. ಕರ್ನಾಟಕ ಅರಣ್ಯ ಕಾಯ್ದೆ, 1963ರ ದೃಷ್ಟಿಯಲ್ಲಿ ಅರಣ್ಯದ ಕಲ್ಲೂ ಅರಣ್ಯೋತ್ಪನ್ನವೇ. ಕುಮಟಾ ತಾಲ್ಲೂಕಿನ ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಿಂದ ನೆನಪಿಗೆಂದು ಒಂದು ಚೂರು ಒಡೆದು ತರುವವರು ಇದನ್ನು ಅರಿತಿರಬೇಕು.

ಇನ್ನೊಂದು ಮಾತು ಸಾಣೆ ಹಿಡಿಯುವವರ ಉಸಿರಿನದು. ಒಣಗಲ್ಲನ್ನು ಉಜ್ಜಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಗುಜರಾತಿನ ಖಂಭಾತ್‌ನಲ್ಲಿ ಇದೇ ಕುಲದ ಅಗೇಟ್ ಕಲ್ಲಿಗೆ ಹೊಳಪು ಕೊಡುವ ಬಡ ಕುಟುಂಬಗಳು ಇದರಿಂದ ನಲುಗಿವೆ. ಹೊಳೆಯುವ ಬಿಲ್ಲೆಯನ್ನು ಕೊಳ್ಳುವವರು ಬೆಲೆಯನ್ನು ಕೇಳುತ್ತಾರೆ. ಅದನ್ನು ನೀರು ಹರಿಸಿ ಕೊಯ್ದರೋ, ಒಣಗಿದಂತೆಯೇ ಉಜ್ಜಿದರೋ ಎಂದು ಕೇಳುವವರು ಎಷ್ಟು ಮಂದಿ?