ಹುಳುಮನೆ ತೊಳೆಯುವ ಊರಿನ ಮಕ್ಕಳೇ

ಚಾಕಿ ಹುಳು ತರುವ ಮುಂಚೆ ಹುಳುಮನೆ ತೊಳೆಯದವನನ್ನು ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಯಾರೂ ರೇಷ್ಮೆ ಬೆಳೆಗಾರ ಅನ್ನುವುದಿಲ್ಲ. ತಟ್ಟೆ, ಚಂದ್ರಿಕೆ ಎಲ್ಲ ಬಿಸಿಲಿಗೆ ಬರುತ್ತವೆ. ಗೋಡೆಗೆ ಬ್ಲೀಚಿಂಗ್ ಪುಡಿಯ ನೀರು, ನೆಲಕ್ಕೆ ಸುಣ್ಣ. ಹೋದ ಬೆಳೆ ಚೆನ್ನಾಗೇ ಬಂತಲ್ಲ, ಈ ಸಲ ಬಿಡೋಣ ಅಂದರೆ ಮನೆಯ ಹೆಂಗಸರೇ ಬೈಯುತ್ತಾರೆ. ಒಂದು ಮನೆಯ ರೋಗ ಬೀದಿಗೆಲ್ಲ ಹಬ್ಬುತ್ತದೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು.

ಅಂಥ ಮನೆಗಳಲ್ಲಿ ಬೆಳೆದು, ಕೆಂಚಾರ್ಲಹಳ್ಳಿಯಿಂದ ಬಸ್ಸು ಹತ್ತಿ ಬೆಂಗಳೂರು ಸೇರಿ, ಕಂಪನಿಗಳ ಸರ್ವರ್ ಕಾಯುತ್ತಿರುವವರೇ, ಈ ಮಾತು ನಿಮಗೆ. ಒಂದು ಪ್ಯಾಚ್ ಬಂತೆಂದರೆ ರಾತ್ರಿಯಿಡೀ ಕೂತು ಹಾಕುತ್ತೀರಿ. ನೀವು ಓದಿದ ಶಾಲೆಯ ಕಂಪ್ಯೂಟರಿಗೆ ಕೊನೆಯ ಅಪ್‌ಡೇಟ್ ಯಾವಾಗ ಆಯಿತು ಅಂತ ಒಂದು ಸಲವಾದರೂ ಕೇಳಿದ್ದೀರಾ?

ಆ ಕಡೆಯ ಒಂದು ಶಾಲೆಗೆ ಹೋಗಿದ್ದೆ, ಹೆಸರು ಬೇಡ. ಯಾರೋ ಪುಣ್ಯಾತ್ಮರು ಡೆಬಿಯನ್ ಲಿನಕ್ಸ್ ಹಾಕಿಕೊಟ್ಟು ಹೋಗಿದ್ದರು. ಎಲ್ಲ ತಾನಾಗಿಯೇ ಅಪ್‌ಡೇಟ್ ಆಗಲಿ ಅಂತ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ಸಾಧನವನ್ನೂ ಚಾಲೂ ಮಾಡಿದ್ದರು. ಯುಪಿಎಸ್ ಇರುವ ಆಫೀಸಿನಲ್ಲಿ ಅದು ಬಂಗಾರ. ಇಲ್ಲಿ, ಅದು ಪ್ಯಾಕೇಜ್ ಬಿಚ್ಚಿ ಜೋಡಿಸುತ್ತಿದ್ದ ಹೊತ್ತಿಗೇ ಕರೆಂಟ್ ಹೋಗಿದೆ. ಅವತ್ತಿನಿಂದ ಏನು ಹಾಕಲು ಹೋದರೂ ಹಿಂದಿನ ಕೆಲಸ ಅರ್ಧಕ್ಕೆ ನಿಂತಿದೆ ಅನ್ನುವ ಇಂಗ್ಲಿಷ್ ಸಾಲು. ಮೇಷ್ಟ್ರು ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡು ಬಟ್ಟೆ ಹೊದಿಸಿಟ್ಟಿದ್ದರು. ಕನ್ನಡದ ಫಾಂಟೂ ಕೂತಿರಲಿಲ್ಲ. ಊರ ಹೆಸರು ಟೈಪಿಸಿದರೆ ಸಾಲಾಗಿ ಖಾಲಿ ಚೌಕಗಳು. ಪ್ಯಾಕೇಜ್ ಕೂರಿಸುವ ಡಿಪಿಕೆಜಿಗೆ ಅರ್ಧಕ್ಕೆ ನಿಂತದ್ದನ್ನು ಮುಗಿಸು ಅಂದೆ. ಹತ್ತೇ ನಿಮಿಷ. ಆಮೇಲೆ ಡೆಬಿಯನ್ನಿನದೇ ಸಂಗ್ರಹದಿಂದ ಗುಬ್ಬಿ, ನವಿಲು ಫಾಂಟುಗಳು ಬಂದವು. ಕೆಂಚಾರ್ಲಹಳ್ಳಿ ಅಂತ ಲಕಾರದ ಪಕ್ಕದ ಅರ್ಕಾವತ್ತಿನ ಸಮೇತ ಮೂಡಿದಾಗ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

ಹತ್ತು ನಿಮಿಷದ ಕೆಲಸಕ್ಕೆ ಎರಡು ಬ್ಯಾಚಿನ ಮಕ್ಕಳು ಆ ಕೋಣೆಯ ಬಾಗಿಲು ನೋಡಿಕೊಂಡೇ ಪಾಸಾಗಿ ಹೋದರು. ಸಾಧನ ಕೆಟ್ಟದ್ದೇನಲ್ಲ. ಯಾವ ಊರಿಗೆ ಯಾವುದು ಅಂತ ಯೋಚಿಸುವ ವ್ಯವಧಾನ ಹಾಕಿದವರಿಗಿರಲಿಲ್ಲ, ಆಮೇಲೆ ನೋಡುವವರು ಯಾರೂ ಇರಲಿಲ್ಲ.

ಹಳ್ಳಿಯ ಕಂಪ್ಯೂಟರ್ ಮೇಲೆ ಯಾರಿಗೆ ಕಣ್ಣು ಅನ್ನಬೇಡಿ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ತೂತಿಗೆ ತೇಪೆ ಕೊಟ್ಟಿತು. ಹಾಕಿಕೊಳ್ಳದೆ ಕೂತವರ ಮೇಲೆ ಮೇ 12ಕ್ಕೆ ವಾನಾಕ್ರೈ ಎಂಬ ಕಂಪ್ಯೂಟರ್ ಹುಳ ಎರಗಿತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ಹುಳ ಊರು ಕೇರಿ ನೋಡಿ ಬರಲಿಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಿಮ್ಮಪ್ಪನ ಪಹಣಿ, ಆಧಾರ್ ಸ್ಕ್ಯಾನ್ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ ಯಾವುದು ಓಡುತ್ತಿದೆ, ಹೋದಾಗ ಒಮ್ಮೆ ಇಣುಕಿ ನೋಡಿ.

ಹಾಗಂತ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಹಾಕುವುದೂ ಬೇಡ. ರೇಷ್ಮೆಹುಳುವಿನ ಗಂಟುರೋಗ ಮೊಟ್ಟೆಯೊಳಗೇ ಬರುತ್ತದಲ್ಲ. 1865ರಲ್ಲಿ ಫ್ರಾನ್ಸಿನ ರೇಷ್ಮೆಯವರ ಗೋಳು ನೋಡಲು ಹೋದ ಲೂಯಿ ಪಾಶ್ಚರ್ ಕೊನೆಗೆ ತೋರಿಸಿಕೊಟ್ಟ ದಾರಿ ಇಷ್ಟೇ: ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗ ಕಂಡರೆ ಅದರ ಮೊಟ್ಟೆ ಸುಡು. ರೋಗರಹಿತ ಮೊಟ್ಟೆ ಇವತ್ತಿಗೂ ತಯಾರಾಗುವುದು ಹೀಗೇ. ಡೆಬಿಯನ್ನಿನ ಆಪ್ಟ್ ಕೂಡ ಸಂಗ್ರಹದ ಡಿಜಿಟಲ್ ಸಹಿ ನೋಡಿಯೇ ಪ್ಯಾಕೇಜನ್ನು ಒಳಗೆ ಬಿಡುತ್ತದೆ. ಅದನ್ನು ದಾಟಿ ಯಾರದೋ ಪೆನ್‌ಡ್ರೈವಿನ ಕ್ರ್ಯಾಕ್ ಮಾಡಿದ ತಂತ್ರಾಂಶ ತುರುಕುವವರು ಸಂತೆಯಲ್ಲಿ ಬಿಡಿ ಮೊಟ್ಟೆ ಕೊಂಡ ಹಾಗೆ. ಸಹಿಯೂ ಸಾಲದ ದಿನ ಉಂಟು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ಪ್ಯಾಕೇಜಿನ ಮೂಲದಲ್ಲೇ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಯಿತಲ್ಲ ಅಂತ ತಲೆ ಕೆಡಿಸಿಕೊಂಡ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಡೆಬಿಯನ್ನಿನ ಪರೀಕ್ಷಾ ಆವೃತ್ತಿಗಳಿಗೆ ಅದು ಹೊಕ್ಕಿತ್ತು, ಸ್ಟೇಬಲ್‌ಗೆ ತಲುಪಿರಲಿಲ್ಲ. ಶಾಲೆಗೆ ಸ್ಟೇಬಲ್ಲೇ ಸಾಕು.

ಇನ್ನು ಯಾವ ಸಾಧನ ಅನ್ನುವ ಜಗಳಕ್ಕೆ ಬರೋಣ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮಿನ ಬಳಗದಲ್ಲಿ ತಂತ್ರಾಂಶ ಅಪ್‌ಡೇಟ್ ಮಾಡಲು ಪೋರ್ಟ್‌ಅಪ್‌ಗ್ರೇಡ್ ಒಳ್ಳೆಯದೋ ಪೋರ್ಟ್‌ಮಾಸ್ಟರ್ ಒಳ್ಳೆಯದೋ ಅಂತ ವಾದಿಸಿದ್ದೇ ವಾದಿಸಿದ್ದು. ಮೊದಲನೆಯದಕ್ಕೆ ರೂಬಿ ಬೇಕು, ಎರಡನೆಯದು ಬರೀ ಶೆಲ್ ಸ್ಕ್ರಿಪ್ಟ್. ಬೇರೆಯದನ್ನು ನೆಚ್ಚಿಕೊಳ್ಳದ ಸಾಧನ ಕಷ್ಟಕಾಲಕ್ಕೆ ಆಗುತ್ತದೆ ಅನ್ನುವಷ್ಟು ಅದರಿಂದ ಕಲಿತರೆ ಸಾಕು. ನಮ್ಮ ಶಾಲೆಗಳಿಗೆ ನನ್ನ ಲೆಕ್ಕ ಹೀಗೆ. ಒಂದೇ ಮೊಬೈಲಿನ ನೆಟ್ಟಿನಲ್ಲಿ ಹತ್ತು ಕಂಪ್ಯೂಟರ್ ಬದುಕಬೇಕಾದರೆ ಆಪ್ಟ್-ಕ್ಯಾಷರ್-ಎನ್‌ಜಿ: ಒಂದು ಕಂಪ್ಯೂಟರ್ ತಂದಿಟ್ಟುಕೊಂಡಿದ್ದನ್ನು ಉಳಿದವು ಅದರಿಂದಲೇ ಇಸಿದುಕೊಳ್ಳುತ್ತವೆ. ನೆಟ್ಟೇ ಇಲ್ಲವೋ, ಆಪ್ಟ್-ಆಫ್‌ಲೈನ್. ಬರೆದವರು ನಮ್ಮ ದೇಶದವರೇ, ರಿತೇಶ್ ರಾಜ್ ಸರಾಫ್. ಶಾಲೆಯ ಕಂಪ್ಯೂಟರಿನಿಂದ ಬೇಕಾದವುಗಳ ಪಟ್ಟಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಬೆಂಗಳೂರಿನ ನಿಮ್ಮ ರೂಮಿನಲ್ಲಿ ಇಳಿಸಿಕೊಂಡು, ಮುಂದಿನ ಸಲ ಊರಿಗೆ ಬಂದಾಗ ಹಾಕಿದರಾಯಿತು. ತಾನಾಗಿ ಓಡುವುದನ್ನು ಯುಪಿಎಸ್ ಇರುವ ಕಡೆ ಮಾತ್ರ ಇಡಿ, ಅದೂ ಭದ್ರತೆಯ ಪ್ಯಾಚುಗಳಿಗಷ್ಟೆ. ಮೇಷ್ಟ್ರಿಗೆ ಕಪ್ಪು ಪರದೆ ಕಂಡರೆ ಭಯವೋ, ಮೌಸಿನಲ್ಲೇ ಕೆಲಸ ಮುಗಿಸುವ ಸಿನಾಪ್ಟಿಕ್ ತೋರಿಸಿಕೊಡಿ.

ಡೆಬಿಯನ್ 13ರಲ್ಲಿ 69,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಬಹುಪಾಲನ್ನು ನೋಡಿಕೊಳ್ಳುವವರು ಸಂಬಳವಿಲ್ಲದೆ, ಮುಖ ಕಾಣದ ನಿಮಗೋಸ್ಕರ ಮಾಡುತ್ತಾರೆ. ಅವರು ಬಾಗಿಲ ತನಕ ತಂದಿಟ್ಟದ್ದನ್ನು ಒಳಗೆ ಎತ್ತಿಟ್ಟುಕೊಳ್ಳಲು ನಿಮಗೆ ಪುರುಸೊತ್ತಿಲ್ಲ ಅಂದರೆ ನಾಚಿಕೆಯಾಗಬೇಡವೇ?

ಈ ಶನಿವಾರವೇ ಬನ್ನಿ. ಹೊರಡುವ ಮುಂಚೆ ಮೇಷ್ಟ್ರಿಗೆ ಫೋನ್ ಮಾಡಿ, ಕಂಪ್ಯೂಟರ್ ಕೋಣೆಯ ಬೀಗದಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿಕೊಳ್ಳಿ. ಶನಿವಾರ ಬೆಳಗಿನ ಸ್ಕೂಲು, ತಡ ಮಾಡಿದರೆ ಬೀಗ ಹಾಕಿಕೊಂಡು ಹೊರಟುಬಿಡುತ್ತಾರೆ.