ಜಗಲಿಯೇ ಶಾಲೆ

ಮಕ್ಕಳೇ, 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವಲ್ಲ, ಆಗ ಹೊಳೆನರಸೀಪುರದ ನಮ್ಮ ಮನೆಯ ಜಗಲಿಯೇ ಶಾಲೆಯಾಯಿತು. ಎರಡನೇ ತರಗತಿಗೆ ಹೋಗಬೇಕಿದ್ದ ಮೊಮ್ಮಗಳು ಒತ್ತಕ್ಷರ ಮರೆಯತೊಡಗಿದ್ದಳು. ಅವಳಮ್ಮನಿಗೆ ಅದೇ ಚಿಂತೆ.

ಬೆಳಿಗ್ಗೆ ಹತ್ತಕ್ಕೆ ಪಾಠ. ದಿನಸಿ ಚೀಟಿ ಬರೆಯುವುದು, ಹಾಲಿನ ಲೆಕ್ಕ ಇಡುವುದು ಅವಳ ಕೆಲಸ. ಮನೆಯಲ್ಲಿ ಮೊಬೈಲ್ ಇಲ್ಲದ ಪಕ್ಕದ ಬೀದಿಯ ಹುಡುಗನೂ ಬಂದು ದೂರ ಕೂತ. ಅವನಿಗೆ ‘ಅಕ್ಕ’, ‘ಹಳ್ಳಿ’ ಹೇಳಿಕೊಡುತ್ತ ಇವಳಿಗೇ ಒತ್ತಕ್ಷರ ಗಟ್ಟಿಯಾಯಿತು.

ಆಗಸ್ಟಿನಲ್ಲಿ ಸರ್ಕಾರದ ‘ವಿದ್ಯಾಗಮ’ ಬಂತು. ಮೇಷ್ಟ್ರುಗಳೇ ಊರೂರಿಗೆ ಹೋಗಿ ಮರದಡಿ, ಗುಡಿಯಂಗಳದಲ್ಲಿ ಕಲಿಸಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಇಬ್ಬರೂ ಸರಾಗವಾಗಿ ಓದುತ್ತಿದ್ದರು.

ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡಿ, ಮರೆಯುವುದಿಲ್ಲ. ಈ ತಿಂಗಳ ಹಾಲಿನ ಲೆಕ್ಕ ಹಾಕಿ ತಾತನಿಗೆ ತೋರಿಸುತ್ತೀರಾ?